ಇಂಡಿಯಿಂದ ಮುದ್ದೇಬಿಹಾಳಕ್ಕೆ ಹೋದ ಗಂಟು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಬರೆಯಹೊರಟಿರುವುದು ಒಂದು ಭಾಷೆ ಕಟ್ಟಿದ ನೆನಪಾದರೂ ಅದರಲ್ಲಿ ಅರ್ಧ ಪಾಲು ನನ್ನ ಜಗಳವೇ ಇದೆ. ಭಾಷೆ ಎಂದರೆ ಮನುಷ್ಯರು ಆಡುವ ಭಾಷೆಯಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗ ಇಂಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಎಂ.ಎಸ್ಸಿ.ಯಲ್ಲಿ ಎರಡು ವರ್ಷ ನನ್ನ ಪಕ್ಕದಲ್ಲೇ ಕೂತಿದ್ದ ಗೆಳತಿ ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಅದೇ ಗಣಿತ ಕಲಿಸುತ್ತಿದ್ದಳು. ಎರಡೂ ಊರುಗಳಲ್ಲಿ ಕಂಪ್ಯೂಟರು ಇರಲಿಲ್ಲ. ಅದನ್ನು ಕಣ್ಣಾರೆ ಕಂಡವರೂ ಪ್ರಾಯಶಃ ನಾವಿಬ್ಬರೇ.

ನಾವು ಕಂಡದ್ದು ಎಂ.ಎಸ್ಸಿ.ಯ ಕೊನೆಯ ವರ್ಷ, ವಿಶ್ವವಿದ್ಯಾಲಯದ ಒಂದು ತಣ್ಣನೆಯ ಕೋಣೆಯಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು, ಆ ಕಾರ್ಡುಗಳ ಕಟ್ಟನ್ನು ಯಂತ್ರಕ್ಕೆ ಉಣಿಸಿದರೆ ಅದು ಲೆಕ್ಕ ಮಾಡಿ ಉದ್ದನೆಯ ಕಾಗದದಲ್ಲಿ ಉತ್ತರ ಅಚ್ಚುಹಾಕುತ್ತಿತ್ತು. ನಮಗೆ ಕಲಿಸಿದ್ದು ಫೋರ್ಟ್ರಾನ್ ಎಂಬ ಭಾಷೆ. ಅದರಲ್ಲಿ ಅಂಕಿಗಳನ್ನು ಸಾಲಾಗಿ ನಿಲ್ಲಿಸಬಹುದಿತ್ತು, ಆದರೆ ಒಬ್ಬ ಹುಡುಗಿಯ ವಯಸ್ಸು, ಎತ್ತರ, ಅಂಕ ಎಲ್ಲವನ್ನೂ ಸೇರಿಸಿ ಒಂದೇ ಹೆಸರಿನ ಕೆಳಗೆ ಇಡಲು ಬರುತ್ತಿರಲಿಲ್ಲ. ವಯಸ್ಸೆಲ್ಲ ಒಂದು ಸಾಲು, ಎತ್ತರವೆಲ್ಲ ಇನ್ನೊಂದು ಸಾಲು. ಯಾವ ಎತ್ತರ ಯಾರದೆಂದು ನಾವೇ ನೆನಪಿಟ್ಟುಕೊಳ್ಳಬೇಕು. ಬೇರೆ ಬೇರೆ ಸಂಗತಿಗಳನ್ನು ಒಂದಾಗಿ ಕಟ್ಟುವ ಹೊಸ ಭಾಷೆಗಳು ಹೊರದೇಶಗಳಲ್ಲಿ ಬರುತ್ತಿವೆ ಎಂದು ನಮ್ಮ ಪ್ರೊಫೆಸರು ಒಂದು ದಿನ ಪಾಠದಲ್ಲಿ ಹೇಳಿದರು. ಅಂಥದ್ದೊಂದನ್ನು ನಾವೇ ಮಾಡುತ್ತೇವೆ ಎಂದು ನಾನು ಎದ್ದು ನಿಂತು ಹೇಳಿಬಿಟ್ಟೆ. ಗೆಳತಿ ನನ್ನ ಸೆರಗು ಹಿಡಿದು ಜಗ್ಗಿದಳು. ತಡವಾಗಿತ್ತು.

ಪ್ರೊಫೆಸರು ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವವರು. ಪರೀಕ್ಷೆ ಮುಗಿಸಿ ಹೊರಡುವ ದಿನ ನಮ್ಮಿಬ್ಬರನ್ನೂ ಕರೆದು ಹೇಳಿದರು:

“ನೋಡಮ್ಮ, ಮುಂದಿನ ಬೇಸಿಗೆ ರಜದಲ್ಲಿ ಯಂತ್ರದ ಹದಿನೈದು ನಿಮಿಷ ನಿಮಗೆ ಕೊಡ್ತೀನಿ. ನಿಮ್ಮ ಭಾಷೆಯಲ್ಲಿ ಬರೆದ ಒಂದೇ ಒಂದು ಪ್ರೋಗ್ರಾಮು ಓಡಿದ್ರೆ ಇಬ್ಬರನ್ನೂ ಸಂಶೋಧನೆಗೆ ತಗೋತೀನಿ. ಕೆಲಸ ಬಿಡೋದು ಬೇಡ, ರಜಗಳಲ್ಲಿ ಬಂದು ಮಾಡಿ. ಓಡದೇ ಇದ್ರೆ ಮಾತ್ರ ನನ್ನನ್ನ ಮತ್ತೆ ಕೇಳಬೇಡಿ.”

ನನಗೆ ಅದು ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ ಇಂಡಿಗೆ ಮರಳಿ ನೌಕರಿ ಹಿಡಿದ ಮೇಲೆ, ಹಲಗೆಯ ಮೇಲೆ ತ್ರಿಕೋನ ಬರೆಯುತ್ತಿದ್ದಾಗಲೂ ಕಿವಿಯಲ್ಲಿ ಆ ಯಂತ್ರದ ಸದ್ದೇ ಇರುತ್ತಿತ್ತು.

ಆದರೆ ಒಬ್ಬಳು ಇಂಡಿಯಲ್ಲಿ, ಒಬ್ಬಳು ಮುದ್ದೇಬಿಹಾಳದಲ್ಲಿ. ಟಪಾಲಿನಲ್ಲಿ ಹಾಕಿದ ಕಾಗದ ತನಗೆ ಮನಸ್ಸು ಬಂದಾಗ ತಲುಪುತ್ತಿತ್ತು. ದಾರಿ ತೋರಿಸಿದ್ದು ನನ್ನ ಅವ್ವ. ನಮ್ಮ ಕಡೆ ಊರು ಬಿಟ್ಟು ಓದುವ ಮಕ್ಕಳಿಗೆ ಬಸ್ಸಿನಲ್ಲಿ ಬುತ್ತಿ ಕಳಿಸುವ ರೂಢಿ ಇದೆ. ಅರಿವೆಯಲ್ಲಿ ಕಟ್ಟಿ ಕಂಡಕ್ಟರನ ಕೈಗಿಟ್ಟರಾಯಿತು, ಆ ಕಡೆಯ ಸ್ಟ್ಯಾಂಡಿನಲ್ಲಿ ಬೇಕಾದವರು ಇಳಿಸಿಕೊಳ್ಳುತ್ತಾರೆ. “ಬುತ್ತಿ ಹೋಗತೈತಿ ಅಂದ್ರ ನಿನ್ನ ವಹಿ ಯಾಕ ಹೋಗಂಗಿಲ್ಲ?” ಎಂದಳು ಅವ್ವ. ಸೋಮವಾರ ಬೆಳಿಗ್ಗೆ ನಮ್ಮ ಭಾಷೆಯ ನಿಯಮಗಳನ್ನು ಬರೆಯುವ ನೂರು ಪುಟದ ಒಂದು ವಹಿ, ಅದರ ಮೇಲೆ ರೊಟ್ಟಿಯ ಡಬ್ಬಿ, ಎರಡನ್ನೂ ಸೇರಿಸಿ ಕಟ್ಟಿದ ಗಂಟು ಇಂಡಿಯ ಬಸ್ಸು ಹತ್ತಿತು. ಸಿಂದಗಿಯಲ್ಲಿ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನ ಮಾಲಕರು ಅದನ್ನು ಇಳಿಸಿಕೊಂಡು, ಬಾಗೇವಾಡಿಯ ಮೇಲೆ ಮುದ್ದೇಬಿಹಾಳಕ್ಕೆ ಹೋಗುವ ಗಾಡಿಗೆ ಹಾಕಿದರು. ಗುರುವಾರ ಅದೇ ದಾರಿಯಲ್ಲಿ ಗಂಟು ಮರಳಿ ಬಂತು. ವಹಿಯಲ್ಲಿ ಗೆಳತಿಯ ಉತ್ತರವಿತ್ತು, ಡಬ್ಬಿಯಲ್ಲಿ ಅವರಮ್ಮ ಮಾಡಿದ ಶಾವಿಗೆಯ ಉಂಡೆಗಳಿದ್ದವು. ಬಂದ ಡಬ್ಬಿಯನ್ನು ಬರಿದಾಗಿ ಮರಳಿಸುವ ಪದ್ಧತಿ ಅವರ ಮನೆಯಲ್ಲೂ ಇರಲಿಲ್ಲ, ನಮ್ಮ ಮನೆಯಲ್ಲೂ ಇರಲಿಲ್ಲ.

ಹೀಗಾಗಿ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಸಂಗತಿಗಳನ್ನು ಸೇರಿಸಿ ಕಟ್ಟಿದ್ದಕ್ಕೆ ‘ಗಂಟು’ ಎಂದೇ ಹೆಸರಾಯಿತು. ಗಂಟಿನಿಂದ ಮಾಡಿಸುವುದಕ್ಕೆ ‘ಕೆಲಸ’ ಎಂದೆವು. ಕಾರ್ಡು ಕೊರೆಯುವ ಯಂತ್ರಕ್ಕೆ ಕನ್ನಡ ಬಾರದು, ಆದ್ದರಿಂದ ಕನ್ನಡ ಪದಗಳನ್ನೆಲ್ಲ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಅದಕ್ಕೆ ನಮ್ಮ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಗಂಟಿನ ಹೆಸರಿಗೂ ಒಳಗಿನ ವಸ್ತುವಿಗೂ ನಡುವೆ ಯಾವ ಗುರುತು ಹಾಕಬೇಕು ಎಂಬಲ್ಲಿ. ಅಡ್ಡಗೆರೆ ಕಳೆಯುವುದಕ್ಕೆ ಹೋಗಿತ್ತು, ಓರೆಗೆರೆ ಭಾಗಿಸುವುದಕ್ಕೆ, ನಕ್ಷತ್ರ ಗುಣಿಸುವುದಕ್ಕೆ. ಉಳಿದ ಚುಕ್ಕಿಯನ್ನು ದಶಾಂಶ ನುಂಗಿ ಕೂತಿತ್ತು. ಹದಿನೈದು ದಿನ ವಹಿ ಅತ್ತಿಂದಿತ್ತ ಓಡಾಡಿತು. ಕೊನೆಗೆ ಗೆಳತಿ ಒಂದು ಸಾಲು ಬರೆದಳು: ಯಾವ ಹೆಸರೂ ಅಂಕಿಯಿಂದ ಶುರುವಾಗಕೂಡದು ಎಂದು ನಿಯಮ ಮಾಡಿದರೆ ಅಂಕಿಯ ಪಕ್ಕದ ಚುಕ್ಕಿ ದಶಾಂಶದ್ದು, ಹೆಸರಿನ ಪಕ್ಕದ ಚುಕ್ಕಿ ನಮ್ಮದೇ. ಎಷ್ಟು ಸರಳ! ನಾನು ಸ್ಟಾಫ್ ರೂಮಿನಲ್ಲಿ ಕೂತು ಗಟ್ಟಿಯಾಗಿ ನಕ್ಕೆ. ಹಿಂದಿ ಮೇಷ್ಟ್ರು ಗಾಬರಿಯಿಂದ ನೋಡಿದರು.

ಮಾದರಿಗೆಂದು ನಾವು ಆರಿಸಿಕೊಂಡದ್ದು ಬುತ್ತಿಯನ್ನೇ. ವಹಿಯ ಒಂದು ಪುಟದಲ್ಲಿ ನಾನು ದೊಡ್ಡದಾಗಿ, ಚೌಕಟ್ಟು ಹಾಕಿ ಬರೆದಿದ್ದೆ: ಗಂಟು ಬುತ್ತಿ, ಅದರೊಳಗೆ ರೊಟ್ಟಿ, ಪಲ್ಯ, ಚಟ್ನಿ, ಮೊಸರು. ಅದರ ಕೆಳಗೆ ಅದೇ ಚೌಕಟ್ಟಿನೊಳಗೆ ಬುತ್ತಿಯ ಕೆಲಸಗಳು: ಎಣಿಸು, ಹಂಚು, ಕಳಿಸು. ಕೆಲಸಗಳು ಗಂಟಿನ ಒಳಗೇ ಇರಬೇಕು ಎಂಬುದು ನನ್ನ ಹಟ. ಯಾರ ಕೆಲಸ ಅವರ ಮನೆಯಲ್ಲಿ. ಹೊರಗೆ ಇರಲಿ ಎಂಬುದು ಗೆಳತಿಯ ವಾದ.

ಆ ವಹಿ ಮರಳಿ ಬಂದಾಗ ನನ್ನ ಚೌಕಟ್ಟಿನ ಪಕ್ಕದಲ್ಲಿ ಪೆನ್ಸಿಲಿನಿಂದ ಯಾರೋ ಬರೆದಿದ್ದರು: ‘ಉಪ್ಪಿನಕಾಯಿ ಬಿಟ್ಟೀರಿ.’

ಅಕ್ಷರ ಗೆಳತಿಯದಲ್ಲ. ಮುಂದಿನ ಭಾನುವಾರ ನಾನು ಬಾಗೇವಾಡಿಗೆ ಹೋಗುವವಳಿದ್ದೆ. ತಿಂಗಳಿಗೊಮ್ಮೆ ನಾವಿಬ್ಬರೂ ಅಲ್ಲಿ ಕೂಡುತ್ತಿದ್ದೆವು. ಸಿಂದಗಿಯಲ್ಲಿ ಗಾಡಿ ಬದಲಿಸುವಾಗ ಕ್ಯಾಂಟೀನಿನ ಮಾಲಕರು ತಾವೇ ಎದ್ದು ಬಂದರು.

“ತಪ್ಪ ತಿಳೀಬ್ಯಾಡ್ರಿ ಬಾಯಾರ,” ಎಂದರು. “ಗಂಟ ಸಡಲಿತ್ತರಿ, ಕಟ್ಟೂ ಮುಂದ ವಹಿ ಕಣ್ಣಿಗಿ ಬಿತ್ತು. ಬುತ್ತಿ ಅಂತ ಬರದೀರಿ, ಉಪ್ಪಿನಕಾಯಿನ ಇಲ್ಲ. ಮನಸ್ಸ ತಡೀಲಿಲ್ಲ ನೋಡ್ರಿ.”

“ಬರೋಬ್ಬರಿ ಐತ್ರಿ,” ಎಂದೆ. ಬಸ್ಸಿನಲ್ಲಿ ಕೂತು ಉಪ್ಪಿನಕಾಯಿಯನ್ನು ಸೇರಿಸಲು ಹೊರಟೆ. ಆಗ ನೋಡಿ ಪೇಚಾಯಿತು. ವಸ್ತುವೂ ಕೆಲಸವೂ ಒಂದೇ ಚೌಕಟ್ಟಿನಲ್ಲಿದ್ದುದರಿಂದ ಒಂದು ವಸ್ತು ಸೇರಿದ ಕೂಡಲೇ ಚೌಕಟ್ಟು ಬಿಚ್ಚಬೇಕು, ಎಣಿಸು ಹೊಸದಾಗಿ ಬರೆಯಬೇಕು, ಹಂಚು ಹೊಸದಾಗಿ ಬರೆಯಬೇಕು, ಕಾರ್ಡುಗಳನ್ನೆಲ್ಲ ಮತ್ತೆ ಕೊರೆಯಬೇಕು. ಬಾಗೇವಾಡಿ ಬರುವಷ್ಟರಲ್ಲಿ ನನಗೆ ನನ್ನ ಹಟದ ಮೇಲೆಯೇ ಸಂಶಯ ಬಂದಿತ್ತು. ಹಾಗೆಂದು ಒಪ್ಪಿಕೊಳ್ಳುವ ಜಾತಿ ನಾನಲ್ಲ.

ಗುಡಿಯ ಹೊರಗಿನ ಬೇವಿನ ಕಟ್ಟೆಯ ಮೇಲೆ ಗೆಳತಿ ಸೀಮೆಸುಣ್ಣ ಹಿಡಿದು ಕಾದಿದ್ದಳು. ಕಲ್ಲಿನ ಮೇಲೆ ಚೌಕಟ್ಟು ಬರೆಯುವುದು, ಕೈಯಿಂದ ಒರೆಸುವುದು, ಮತ್ತೆ ಬರೆಯುವುದು. ನಾನು ಒಳಗೆ ಎನ್ನುವೆ, ಆಕೆ ಹೊರಗೆ ಎನ್ನುವಳು. ಧ್ವನಿ ಏರಿತು. ದಾರಿಯಲ್ಲಿ ಹೊರಟಿದ್ದ ಮುದುಕರೊಬ್ಬರು ನಿಂತು ನೋಡಿ, “ಆಸ್ತಿ ಪಾಲ ಮಾಡಾಕತ್ತೀರೇನವಾ? ಹಿರೇರನ್ನ ಕರದು ಮಾಡ್ಕೊಳ್ರಿ,” ಎಂದು ಬುದ್ಧಿ ಹೇಳಿ ಹೋದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ನಾನು, “ಆಗ್ಲಿ, ನಿನ್ನ ಸಲುವಾಗಿ ಹೊರಗ ಇಡೂಣು,” ಎಂದೆ. ಉಪಕಾರ ಮಾಡುವವಳ ಹಾಗೆ ಹೇಳಿದೆ. ಆಕೆ ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿಕೊಂಡಳು. ಅಂದಿನಿಂದ ಗಂಟನ್ನು ಒಂದು ಕಡೆ ಕಟ್ಟುವುದು, ಕೆಲಸಗಳನ್ನು ಹೊರಗೆ ಬರೆದು ಪ್ರತಿಯೊಂದರ ಹಣೆಯ ಮೇಲೆ ಅದು ಯಾವ ಗಂಟಿನದೆಂದು ಹೆಸರು ಹಾಕುವುದು ಎಂದಾಯಿತು. ಎಷ್ಟು ಹೊಸ ಕೆಲಸ ಸೇರಿಸಿದರೂ ಗಂಟು ಬಿಚ್ಚುವ ಗೋಜಿಲ್ಲ. ಇಂದಿಗೂ ಅದು ನನಗೆ ಚೆಂದವಾಗಿಯೇ ಕಾಣುತ್ತದೆ.

ನಿಜವಾದ ಜಗಳ ಬಂದದ್ದು ಸಂಕ್ರಾಂತಿ ಮುಗಿದ ಮೇಲೆ.

ಫೋರ್ಟ್ರಾನಿನಲ್ಲಿ ಒಂದು ಕೆಟ್ಟ ಚಾಳಿ ಇತ್ತು. ಪ್ರೋಗ್ರಾಮಿನ ಒಂದು ಭಾಗಕ್ಕೆ ಕೆಲಸ ಹೇಳಿ ಕಳಿಸಿದರೆ ಅದು ಏನನ್ನೂ ಮಾಡದೆ ಸುಮ್ಮನೆ ಮರಳಿ ಬರಬಹುದಿತ್ತು. ಯಂತ್ರ ಚಕಾರ ಎತ್ತುತ್ತಿರಲಿಲ್ಲ. ಎಂ.ಎಸ್ಸಿ.ಯಲ್ಲಿ ಒಮ್ಮೆ ಇದರಿಂದಲೇ ಎಲ್ಲರೆದುರು ನನ್ನ ಮಾನ ಹೋಗಿತ್ತು. ಅದಕ್ಕೆ ನಮ್ಮ ಭಾಷೆಯಲ್ಲಿ ನಾನೊಂದು ಕಟ್ಟುನಿಟ್ಟಿನ ನಿಯಮ ಬರೆದೆ: ಬಂದ ಗಂಟನ್ನು ಯಾರೂ ಬರಿದಾಗಿ ಮರಳಿಸಕೂಡದು. ಏನಾದರೂ ಇಟ್ಟೇ ಕಳಿಸಬೇಕು. ಅಷ್ಟಕ್ಕೇ ನಿಲ್ಲಲಿಲ್ಲ. ಕಳಿಸುವುದು ಬೇರೆ, ಮರಳಿಸುವುದು ಬೇರೆ ಎಂದು ಎರಡು ಕೆಲಸ ಯಾಕೆ? ಕೊಡುವುದೆಂದರೆ ಕೊಡುವುದೇ, ಎರಡಕ್ಕೂ ‘ಕಳಿಸು’ ಒಂದೇ ಇರಲಿ ಎಂದೂ ಬರೆದೆ. ಅವ್ವನ ಅಡುಗೆಮನೆಯ ರೀತಿಯನ್ನು ಯಂತ್ರಕ್ಕೆ ಕಲಿಸುತ್ತಿದ್ದೇನೆಂದು ನನಗೆ ಹೆಮ್ಮೆಯೋ ಹೆಮ್ಮೆ.

ಗೆಳತಿ ಪುಟದ ಅಂಚಿನಲ್ಲಿ ಕೇಳಿದಳು: ‘ಹಂಗಾದ್ರ ಇದು ಎಲ್ಲಿ ನಿಲ್ಲತೈತಿ? ಯಾರರೆ ಒಬ್ಬರು ಸಾಕು ಅನಬೇಕಲ್ಲ?’

ನನಗೆ ನೆತ್ತಿಗೇರಿತು. ನಾಲ್ಕು ಪುಟ ಬರೆದೆ. ನಮ್ಮ ಮನೆಯಲ್ಲಿ ಹೀಗೆಯೇ ನಡೆದು ಬಂದಿದೆ, ಎಲ್ಲಿಯೂ ಸಿಕ್ಕಿಹಾಕಿಕೊಂಡಿಲ್ಲ, ಸಾಕು ಅನ್ನುವುದು ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ, ಈ ನಿಯಮ ಹೋದರೆ ಭಾಷೆಯಿಂದ ನನ್ನ ಹೆಸರೂ ಹೋಗಲಿ. ಹೀಗೆ ಏನೇನೋ. ಗುರುವಾರ ಬಂದ ವಹಿಯಲ್ಲಿ ಉತ್ತರ ಒಂದೇ ಪದ: ‘ಆಗಲಿ.’

ಗೆದ್ದೆ ಎಂದುಕೊಂಡೆ.

ಕಣ್ಣು ತೆರೆದು ನೋಡಿದ್ದರೆ ನನ್ನ ನಿಯಮದ ಗತಿ ನನ್ನ ಮನೆಯಲ್ಲೇ ಕಾಣುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ತಾಯಂದಿರು ಆ ಹೊತ್ತಿಗೆ ಪಂದ್ಯಕ್ಕೆ ಬಿದ್ದಿದ್ದರು. ಶಾವಿಗೆ ಉಂಡೆಗೆ ಅವ್ವ ಶೇಂಗಾ ಹೋಳಿಗೆ ಕಳಿಸಿದಳು. ಹೋಳಿಗೆಗೆ ಅವರು ಖರ್ಜೂರ ಕಳಿಸಿದರು. ನಿಮಗೆಂದೇ ಬೇರೆ ಹೊಸ ಡಬ್ಬಿ ತಂದಿದ್ದೇನೆ ಎಂದು ಹೇಳಿಯೂ ಕಳಿಸಿದರು. ಖರ್ಜೂರಕ್ಕೆ ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಮೇಲೆ ಹಿತ್ತಲಿನ ನಿಂಬೆಹಣ್ಣು ಒಂದು ಚೀಲ ಹೊರಿಸಿದಳು. ಅತ್ತಿಂದ ಒಂದು ಬುಟ್ಟಿ ಬಂತು. ಕಂಡಕ್ಟರ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, “ಅಕ್ಕಾರ, ಇದು ಬಸ್ಸರಿ, ಲಾರಿ ಅಲ್ಲ. ವಹಿ ಎಲ್ಲೈತಿ ಅಂತ ಹುಡುಕಾಕ ನನಗ ಸಿಂದಗಿ ತನಕ ಆತು,” ಎಂದ. ನಾನು ನಕ್ಕು ಅವನ ಕೈಗೆರಡು ನಿಂಬೆಹಣ್ಣು ಇಟ್ಟೆ. ಅರ್ಥ ಮಾತ್ರ ಮಾಡಿಕೊಳ್ಳಲಿಲ್ಲ.

ಮೇ ತಿಂಗಳು ಬಂತು. ಕೆಲಸ ಹಂಚಿಕೊಂಡಿದ್ದೆವು. ನಮ್ಮ ಭಾಷೆಯನ್ನು ಓದಿ ಫೋರ್ಟ್ರಾನಿಗೆ ತಿರುಗಿಸುವ ‘ಅನುವಾದಕ’ ಪ್ರೋಗ್ರಾಮು ಆಕೆಯದು, ಪರೀಕ್ಷೆಗೆ ಓಡಿಸುವ ಮಾದರಿ ಪ್ರೋಗ್ರಾಮು ನನ್ನದು. ಆಕೆಯ ಕಾಲೇಜು ಮೊದಲೇ ಮುಗಿದಿತ್ತು, ಆದ್ದರಿಂದ ಒಂದು ವಾರ ಮುಂಚೆಯೇ ಹೋಗಿ ಅನುವಾದಕದ ಕಾರ್ಡುಗಳನ್ನೆಲ್ಲ ಕೊರೆದು ಇಟ್ಟಿದ್ದಳು. ಎರಡು ಮೊಳ ಉದ್ದದ ಕಟ್ಟು. ನಾನು ಹೋಗಿ ನನ್ನ ಮೂವತ್ತು ಚಿಲ್ಲರೆ ಕಾರ್ಡು ಕೊರೆದೆ. ಪ್ರೋಗ್ರಾಮಿನಲ್ಲಿ ಎರಡು ಮನೆ, ಇಂಡಿ ಮತ್ತು ಮುದ್ದೇಬಿಹಾಳ. ಇಂಡಿ ನಾಲ್ಕು ರೊಟ್ಟಿಯ ಗಂಟು ಕಳಿಸಬೇಕು, ಮುದ್ದೇಬಿಹಾಳ ಎರಡು ರೊಟ್ಟಿ ಸೇರಿಸಿ ಮರಳಿಸಬೇಕು, ಯಂತ್ರ ಎಣಿಸಿ ಆರು ಎಂದು ಅಚ್ಚುಹಾಕಬೇಕು. ಅಷ್ಟೇ. ಅಷ್ಟಾದರೆ ನಾವಿಬ್ಬರೂ ಸಂಶೋಧಕರು.

ಬೆಳಿಗ್ಗೆ ಹತ್ತೂವರೆಗೆ ಆಪರೇಟರು ಕಾರ್ಡುಗಳನ್ನು ಉಣಿಸಿದ. ಪ್ರೊಫೆಸರು ಕೈಕಟ್ಟಿ ನಿಂತಿದ್ದರು. ಯಂತ್ರ ಸ್ವಲ್ಪ ಹೊತ್ತು ಗುಂಯ್ ಎಂದಿತು, ಅಚ್ಚಿನ ಯಂತ್ರ ಕಟಕಟ ಶುರುಮಾಡಿತು. ಇಂಡಿ ಕಳಿಸಿತು, ರೊಟ್ಟಿ ನಾಲ್ಕು. ನಾನು ಗೆಳತಿಯ ಕೈ ಹಿಡಿದೆ. ಮುದ್ದೇಬಿಹಾಳ ಕಳಿಸಿತು, ರೊಟ್ಟಿ ಆರು. ಓಡಿತು! ನಾನು ಕೂಗಿಯೇಬಿಟ್ಟೆ. ಅಷ್ಟರಲ್ಲಿ ಇನ್ನೊಂದು ಸಾಲು ಬಂತು. ಇಂಡಿ ಕಳಿಸಿತು, ರೊಟ್ಟಿ ಎಂಟು. ಮುದ್ದೇಬಿಹಾಳ ಕಳಿಸಿತು, ರೊಟ್ಟಿ ಹತ್ತು. ಇಂಡಿ ಕಳಿಸಿತು, ರೊಟ್ಟಿ ಹನ್ನೆರಡು.

ಮುದ್ದೇಬಿಹಾಳ ಗಂಟು ಮರಳಿಸಿದ್ದೂ ‘ಕಳಿಸು’ವೇ ಆದ್ದರಿಂದ, ಇಂಡಿಗೆ ಅದು ಹೊಸದಾಗಿ ಬಂದ ಗಂಟು. ಬಂದ ಗಂಟನ್ನು ಬರಿದಾಗಿ ಮರಳಿಸುವಂತಿಲ್ಲ, ಆದ್ದರಿಂದ ಇಂಡಿ ಮತ್ತೆರಡು ಇಟ್ಟು ಕಳಿಸಿತು. ಮುದ್ದೇಬಿಹಾಳಕ್ಕೂ ಅದೇ ಮರ್ಯಾದೆ. ಇಬ್ಬರಲ್ಲಿ ಯಾರೂ ಸೋಲುವವರಲ್ಲ. ಕಾಗದ ಮಡಿಕೆಮಡಿಕೆಯಾಗಿ ನೆಲದ ಮೇಲೆ ಬಿದ್ದು ನಮ್ಮ ಕಾಲು ಮುಚ್ಚಿತು. ರೊಟ್ಟಿ ಸಾವಿರ ದಾಟಿತು.

“ಯಾರ ಮದುವೀರಿ ಇದು?” ಎಂದ ಆಪರೇಟರು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ.

ಪ್ರೊಫೆಸರು ಗಡಿಯಾರ ನೋಡಿದರು. “ನಾಲ್ಕು ನಿಮಿಷ ಉಳಿದಿದೆ ಅಮ್ಮ,” ಎಂದರು. ಅವರ ಧ್ವನಿಯಲ್ಲಿ ಕನಿಕರವಿತ್ತು. ನನಗೆ ಅದೇ ಹೆಚ್ಚು ಉರಿಯಿತು. ನಾಲ್ಕು ನಿಮಿಷದಲ್ಲಿ ನಿಯಮ ಬದಲಿಸಿ ಅನುವಾದಕವನ್ನು ಹೊಸದಾಗಿ ಬರೆಯುವುದು ಯಾರಿಗೆ ಸಾಧ್ಯ? ನನ್ನ ಹಟದಿಂದ ನನ್ನದಷ್ಟೇ ಅಲ್ಲ, ಆಕೆಯದೂ ಹೋಯಿತು. ಆಕೆಯ ಮುಖ ನೋಡುವ ಧೈರ್ಯ ಬರಲಿಲ್ಲ.

ಗೆಳತಿ ವ್ಯಾನಿಟಿ ಬ್ಯಾಗಿನಿಂದ ಒಂದು ಕಾರ್ಡು ತೆಗೆದಳು. ಕೊರೆದು ಸಿದ್ಧವಾಗಿದ್ದ ಕಾರ್ಡು. ಅದರ ಅಂಚಿನಲ್ಲಿ ಅಚ್ಚಾಗಿದ್ದದ್ದು ಒಂದೇ ಪದ: ಸಾಕು.

“ಇದನ್ನ ಮುದ್ದೇಬಿಹಾಳದ ಕಳಿಸು ಐತೆಲ್ಲ, ಅದರ ಕೆಳಗ ಹಾಕ್ರಿ,” ಎಂದು ಆಪರೇಟರಿಗೆ ಕೊಟ್ಟಳು.

“ಏ, ಅನುವಾದಕಕ್ಕ ಆ ಶಬ್ದ ಗೊತ್ತಿಲ್ಲ,” ಎಂದೆ ನಾನು.

“ಗೊತ್ತೈತಿ,” ಎಂದಳು. “ನಿನ್ನ ನಾಕ ಪುಟದ ಕಾಗದ ಬಂದ ದಿನಾನ ಬರದೆ. ನಿನ್ನ ಕೂಡ ಜಗಳಾಡೂದಕ್ಕಿಂತ ಹನ್ನೆರಡು ಕಾರ್ಡ ಹೆಚ್ಚಿಗಿ ಕೊರಿಯೂದು ಹಗರ ಇತ್ತು.”

ಕಾರ್ಡುಗಳು ಮತ್ತೆ ಒಳಗೆ ಹೋದವು. ಇಂಡಿ ಕಳಿಸಿತು, ರೊಟ್ಟಿ ನಾಲ್ಕು. ಮುದ್ದೇಬಿಹಾಳ ಕಳಿಸಿತು, ರೊಟ್ಟಿ ಆರು. ಮುದ್ದೇಬಿಹಾಳ ಸಾಕು ಎಂದಿತು. ಎಣಿಕೆ ಆರು. ಮುಗಿಯಿತು.

ಅಚ್ಚಿನ ಯಂತ್ರ ಸುಮ್ಮನಾಯಿತು. ಅಷ್ಟು ಚೆಂದದ ಮೌನವನ್ನು ನಾನು ಕೇಳಿರಲಿಲ್ಲ. ಆಪರೇಟರು ಚಪ್ಪಾಳೆ ಹೊಡೆದ. ನಾನು ಗೆಳತಿಯನ್ನು ತಬ್ಬಿಕೊಂಡು ಕುಣಿದೆ, ನೆಲದ ಮೇಲಿದ್ದ ಸಾವಿರ ರೊಟ್ಟಿಯ ಕಾಗದ ಕಾಲಿಗೆ ಸುತ್ತಿಕೊಂಡು ಇಬ್ಬರೂ ಬೀಳುವುದರಲ್ಲಿದ್ದೆವು.

ಪ್ರೊಫೆಸರು ತಮ್ಮ ಕೋಣೆಗೆ ಕರೆದೊಯ್ದು ಚಹಾ ತರಿಸಿದರು. ಇಬ್ಬರ ಅರ್ಜಿಗೂ ಸಹಿ ಮಾಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕದೆ ಕೇಳಿದರು:

“ಗಂಟು ಒಂದು ಕಡೆ, ಕೆಲಸ ಹೊರಗೆ, ಅದೆಲ್ಲ ಸರಿ. ಈ ಸಾಕು ಅನ್ನೋದಿದೆಯಲ್ಲ, ಅದು ನಿಜಕ್ಕೂ ಒಳ್ಳೆ ಯೋಚನೆ. ವರದೀಲಿ ಬರೀಬೇಕು. ಯಾರದು ಅದು?”

“ಇಬ್ಬರದೂ ಸರ್,” ಎಂದಳು ಗೆಳತಿ, ತಡಮಾಡದೆ.

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಪೆನ್ನು ಕಾಗದದ ಮೇಲೆ ಇಳಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ಅಲ್ರಿ ಸರ್,” ಎಂದೆ. “ಅದು ಇಕೀದು. ನಾ ಬ್ಯಾಡ ಅಂತ ನಾಕ ಪುಟ ಬರದಿದ್ದೆ. ನನ್ನ ಮಾತ ಕೇಳಿದ್ರ ಇವತ್ತು ಇಬ್ಬರೂ ಖಾಲಿ ಕೈಲೆ ಊರಿಗೆ ಹೋಗತಿದ್ವಿ. ತಪ್ಪು ನಂದರಿ.”

ಪ್ರೊಫೆಸರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ವರದಿಯಲ್ಲಿ ಆಕೆಯ ಹೆಸರು ಬರೆದರು. ಆಕೆ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದಳು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಆಕೆ ಕೇಳಿದಳು, “ಒಳಗ ಏನಂದಿ? ನನಗ ಬರೋಬ್ಬರಿ ಕೇಳಲಿಲ್ಲ.”

“ಕೇಳೈತಿ ನಿನಗ.”

“ಇಲ್ಲ, ಆಣಿ ಮಾಡತೇನಿ. ಏನೋ ತಪ್ಪು ಅಂದಂಗಾತು. ಯಾರದು ಅಂದಿ?”

“ನಂದು,” ಎಂದೆ. ಬಸ್‌ಸ್ಟ್ಯಾಂಡು ಮುಟ್ಟುವ ತನಕ ಆಕೆ ಅದನ್ನು ನನ್ನ ಬಾಯಿಂದ ಇನ್ನೂ ಮೂರು ಸಲ ಹೇಳಿಸಿದಳು. ಪ್ರತಿ ಸಲವೂ ನಾನು ಹೇಳಿದೆ, ಪ್ರತಿ ಸಲವೂ ಗಟ್ಟಿಯಾಗಿ.